ಅಡಿಕೆ ಲೆಕ್ಕಕ್ಕೆ ಎಸ್‌ಕ್ಯೂಎಲ್‌ಆಲ್ಕೆಮಿ: 1.3ರಿಂದ 2.0ವರೆಗೆ ಬಳಸಿದ ಮೇಲೆ

ಎಸ್‌ಕ್ಯೂಎಲ್‌ಆಲ್ಕೆಮಿ ಎಂದರೆ ಪೈಥಾನ್ ಕೋಡ್‌ನಿಂದ ಡೇಟಾಬೇಸ್‌ಗೆ ಕ್ವೆರಿ (ಮಾಹಿತಿ ಕೇಳುವ ಪ್ರಶ್ನೆ) ಕಟ್ಟಿಕೊಡುವ ಲೈಬ್ರರಿ. ನನ್ನ ಲೆಕ್ಕದಲ್ಲಿ ಐದರಲ್ಲಿ ನಾಲ್ಕು ಸ್ಟಾರ್. ಪೈಥಾನ್‌ನಲ್ಲಿ ಕೆಲಸ ಮಾಡುವವರು ನಾಲ್ಕೈದು ಟೇಬಲ್ ಜೋಡಿಸಬೇಕು, ಅದರ ಮೇಲೆ ಬಳಕೆದಾರರು ಯಾವ ಫಿಲ್ಟರ್ ಒತ್ತುತ್ತಾರೋ ಅದಕ್ಕೆ ತಕ್ಕ ಹಾಗೆ ಕ್ವೆರಿ ಬದಲಾಗಬೇಕು ಅಂತಾದರೆ ಈ ಲೈಬ್ರರಿಯನ್ನು ಧೈರ್ಯವಾಗಿ ತಗೊಳ್ಳಿ. ಆದರೆ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಕ್ವೆರಿ ಭಾಷೆ) ಕಲಿಯುವುದನ್ನು ತಪ್ಪಿಸಿಕೊಳ್ಳಲಿಕ್ಕೆ ಅಂತ ತಗೊಂಡರೆ, ತಪ್ಪು ಲೆಕ್ಕವನ್ನು ಬಹಳ ಚೆಂದದ ಕೋಡ್‌ನಲ್ಲಿ ಬರೆದು ಕೂತಿರುತ್ತೀರಿ.

ನಾನು ಬಳಸುವುದು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಖರೀದಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್‌ಗೆ. ಅದರ ಹಿಂದಿನ ಡೇಟಾಬೇಸ್ ಪೋಸ್ಟ್‌ಗ್ರೆಸ್. ಟೇಬಲ್‌ಗಳು ದೊಡ್ಡ ವಿಷಯವೇನಲ್ಲ: ಬೆಳೆಗಾರರು, ಊರು, ಖರೀದಿ ಚೀಟಿ, ಚೀಟಿಯ ಒಳಗಿನ ದರ್ಜೆವಾರು ಸಾಲುಗಳು (ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಇತ್ಯಾದಿ), ಪಾವತಿ, ಮುಂಗಡ. ಕಷ್ಟ ಇರುವುದು ಅಂಗಡಿಯವರ ಪ್ರಶ್ನೆಗಳಲ್ಲಿ. ಒಬ್ಬರಿಗೆ ಕುಂಬಳೆ ಕಡೆಯಿಂದ ಬಂದ ಪಟೋರ ಮಾತ್ರ ಬೇಕು. ಇನ್ನೊಬ್ಬರಿಗೆ ಮುಂಗಡ ತಗೊಂಡು ಇನ್ನೂ ಮಾಲು ಕೊಡದವರ ಪಟ್ಟಿ ಬೇಕು. ಮತ್ತೊಬ್ಬರಿಗೆ ಇವೆರಡೂ ಬೇಕು, ಜೊತೆಗೆ ತಾರೀಖು, ಜೊತೆಗೆ ಬಾಕಿ ಜಾಸ್ತಿ ಇರುವವರು ಮೇಲೆ ಬರಬೇಕು. ಎಂಟು ಫಿಲ್ಟರ್ ಇದ್ದರೆ ಒಂದೊಂದು ಹಾಕುವುದು ಬಿಡುವುದು ಸೇರಿ 256 ಬಗೆ ಆಗುತ್ತದೆ. ಅಷ್ಟು ಕ್ವೆರಿ ಕೈಯಲ್ಲಿ ಬರೆದಿಡುವುದು ಯಾರಿಂದಲೂ ಆಗದ ಕೆಲಸ.

ಇದಕ್ಕೆ ಸುಲಭ ಅಂತ ಕಾಣುವ ದಾರಿ ಎಂದರೆ ಸ್ಟ್ರಿಂಗ್, ಅಂದರೆ ಕ್ವೆರಿಯ ಪಠ್ಯದ ತುಂಡುಗಳನ್ನು, ಅಂಟಿಸುತ್ತಾ ಹೋಗುವುದು. 'ವೇರ್ 1=1' (ವೇರ್ ಎಂದರೆ ಶರತ್ತು ಬರೆಯುವ ಭಾಗ, 1=1 ಯಾವಾಗಲೂ ನಿಜ) ಅಂತ ಶುರು ಮಾಡಿ ಬೇಕಾದ ಹಾಗೆಲ್ಲ 'ಆಂಡ್' ಸೇರಿಸುವುದನ್ನು ನಾವೆಲ್ಲ ಎಲ್ಲಾದರೂ ನೋಡಿಯೇ ಇರುತ್ತೇವೆ. ಬೇಳ ಕಡೆಯ ಡಿಸೋಜರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ (D'Souza) ಹುಡುಕುವವರೆಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಆ ಹೆಸರಿನ ಮಧ್ಯದ ಅಪಾಸ್ಟ್ರಫಿ ಬಂದ ಕೂಡಲೇ ಸ್ಟ್ರಿಂಗ್ ಅಲ್ಲೇ ಮುಗಿಯಿತು ಅಂತ ಡೇಟಾಬೇಸ್ ತಿಳಿಯುತ್ತದೆ, ಕ್ವೆರಿ ಒಡೆಯುತ್ತದೆ. ಒಬ್ಬ ಸಭ್ಯ ಮನುಷ್ಯನ ಹೆಸರಿಗೇ ಹೀಗಾದರೆ, ಬೇಕು ಅಂತಲೇ ಕೆಟ್ಟದ್ದು ಟೈಪ್ ಮಾಡುವವನು ಏನೇನು ಮಾಡಬಹುದು ಅಂತ ಯೋಚಿಸಿ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಬಳಕೆದಾರರು ಕೊಡುವ ಮೌಲ್ಯಗಳು ಕ್ವೆರಿಯ ಪಠ್ಯದೊಳಗೆ ಹೋಗುವುದಿಲ್ಲ, ಪ್ಯಾರಾಮೀಟರ್ ಆಗಿ ಬೇರೆಯೇ ಹೋಗುತ್ತವೆ. ಇದಕ್ಕಾಗಿ ನೀವು ವಿಶೇಷವಾಗಿ ಏನೂ ಮಾಡಬೇಕಾಗಿಲ್ಲ.

ಆದರೆ ನನಗೆ ಇದು ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಇಲ್ಲಿ ಕ್ವೆರಿ ಎನ್ನುವುದು ಒಂದು ಆಬ್ಜೆಕ್ಟ್. 'ಸೆಲೆಕ್ಟ್' ಬರೆದು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತೀರಿ. ಅದಕ್ಕೆ 'ವೇರ್' ಸೇರಿಸಿದರೆ ಹಳೆಯದು ಹಾಗೆಯೇ ಉಳಿಯುತ್ತದೆ, ಹೊಸದೊಂದು ಸಿಗುತ್ತದೆ. ಮತ್ತೆ ಮತ್ತೆ 'ವೇರ್' ಕರೆದರೆ ತಾನಾಗಿ 'ಆಂಡ್' ಆಗುತ್ತದೆ. ಹಾಗಾಗಿ ಮೂಲ ಕ್ವೆರಿ ಒಂದನ್ನು ಬರೆದಿಟ್ಟು, ಅದರಿಂದಲೇ ಪಟ್ಟಿ, ಒಟ್ಟು ಮೊತ್ತ, ಪುಟಗಳ ಎಣಿಕೆ ಮೂರನ್ನೂ ತೆಗೆಯಬಹುದು. ಈ ಗುಣ ಗೊತ್ತಾದ ಮೇಲೆ ಸ್ಟ್ರಿಂಗ್ ಅಂಟಿಸುವ ಕಡೆ ತಿರುಗಿ ನೋಡಬೇಕು ಅಂತ ಅನ್ನಿಸಲೇ ಇಲ್ಲ.

ಜಾಯಿನ್ (ಟೇಬಲ್ ಜೋಡಿಸುವುದು) ವಿಷಯಕ್ಕೆ ಬಂದರೆ ಕೆಲಸ ಸ್ವಲ್ಪ ನಮ್ಮ ಮೇಲೆ ಬೀಳುತ್ತದೆ. ಊರಿನ ಫಿಲ್ಟರ್ ಬೆಳೆಗಾರರ ಟೇಬಲನ್ನು ಜೋಡಿಸುತ್ತದೆ, ಹೆಸರಿನ ಫಿಲ್ಟರ್ ಕೂಡ ಅದನ್ನೇ ಜೋಡಿಸುತ್ತದೆ. ಎರಡೂ ಒಟ್ಟಿಗೆ ಬಂದರೆ ಒಂದೇ ಟೇಬಲ್ ಎರಡು ಸಲ ಬಂದಿದೆ ಅಂತ ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ನಾನು ಮಾಡುವುದು ಹೀಗೆ: ಪ್ರತಿ ಫಿಲ್ಟರ್ ತನಗೆ ಯಾವ ಟೇಬಲ್ ಬೇಕು ಅಂತ ಹೇಳುತ್ತದೆ ಅಷ್ಟೆ, ತಾನು ಜೋಡಿಸುವುದಿಲ್ಲ. ಎಲ್ಲ ಫಿಲ್ಟರ್ ಮುಗಿದ ಮೇಲೆ, ಮೊದಲೇ ಬರೆದಿಟ್ಟ ಒಂದು ಕ್ರಮದಲ್ಲಿ, ಬೇಕಾದ ಟೇಬಲ್‌ಗಳು ಒಂದೊಂದೇ ಸಲ ಸೇರುತ್ತವೆ. ಕ್ರಮ ಗಟ್ಟಿ ಇರಬೇಕು ಅನ್ನುವುದಕ್ಕೆ ಕಾರಣ ಉಂಟು. ಪೈಥಾನ್‌ನ ಸೆಟ್ (ಕ್ರಮ ಇಲ್ಲದ ಸಂಗ್ರಹ) ಒಳಗೆ ಟೇಬಲ್ ಹೆಸರು ಹಾಕಿ ಸುತ್ತಿದರೆ, ಪ್ರೋಗ್ರಾಂ ಮತ್ತೆ ಶುರುವಾದಾಗಲೆಲ್ಲ ಕ್ರಮ ಬದಲಾಗಬಹುದು. 1.4ರಿಂದ ಈ ಲೈಬ್ರರಿ ಕ್ವೆರಿಯ ಆಕಾರ ನೋಡಿ, ತಯಾರಾದ ಎಸ್‌ಕ್ಯೂಎಲ್ಲನ್ನು ಮತ್ತೆ ಬಳಸಲಿಕ್ಕೆ ಅಂತ ಕ್ಯಾಶ್‌ನಲ್ಲಿ (cache) ಇಟ್ಟುಕೊಳ್ಳುತ್ತದೆ. ಕ್ರಮ ಬದಲಾದರೆ ಅದರ ಲೆಕ್ಕದಲ್ಲಿ ಅದು ಬೇರೆಯೇ ಕ್ವೆರಿ. ಪೋಸ್ಟ್‌ಗ್ರೆಸ್ ಕೂಡ, ಸೆಟ್ಟಿಂಗ್ ಮುಟ್ಟದಿದ್ದರೆ, ಜೋಡಿಸುವ ಟೇಬಲ್‌ಗಳು 8 ದಾಟಿದ ಮೇಲೆ ಎಲ್ಲ ಕ್ರಮಗಳನ್ನೂ ತೂಗಿ ನೋಡಲಿಕ್ಕೆ ಹೋಗುವುದಿಲ್ಲ, ನೀವು ಬರೆದ ಕ್ರಮಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ.

ಒಂದೇ ಟೇಬಲ್ ನಿಜವಾಗಿಯೂ ಎರಡು ಸಲ ಬೇಕಾಗುವುದೂ ಉಂಟು. ಮನೆ ಒಂದು ಊರಲ್ಲಿ, ತೋಟ ಇನ್ನೊಂದು ಊರಲ್ಲಿ ಇರುವವರು ನಮ್ಮ ಕಡೆ ಎಷ್ಟೋ ಜನ. ಆಗ 'ಏಲಿಯಸ್ಡ್' ಹಾಕಿ ಎರಡು ಬೇರೆ ಹೆಸರು ಕೊಟ್ಟರೆ ಆಯಿತು.

ಈಗ ಲೆಕ್ಕ ತಪ್ಪುವ ಜಾಗಗಳು. ಮೊದಲನೆಯದು ಲೆಫ್ಟ್ ಜಾಯಿನ್. ಎಲ್ಲ ಚೀಟಿಗಳೂ ಬರಲಿ, ಪಾವತಿ ಇದ್ದರೆ ಅದೂ ಬರಲಿ ಅಂತ ಲೆಫ್ಟ್ ಜಾಯಿನ್ ಹಾಕಿರುತ್ತೀರಿ. ಆಮೇಲೆ ಯಾರೋ 'ಚೆಕ್ ಪಾವತಿ ಮಾತ್ರ ತೋರಿಸು' ಅನ್ನುವ ಫಿಲ್ಟರ್ ಒತ್ತುತ್ತಾರೆ, ಅದು ಹೋಗಿ 'ವೇರ್' ಒಳಗೆ ಕೂರುತ್ತದೆ. ಪಾವತಿಯೇ ಆಗದ ಚೀಟಿಗಳಲ್ಲಿ ಆ ಜಾಗ ನಲ್ (ಖಾಲಿ) ಇರುತ್ತದಲ್ವಾ, ಅವೆಲ್ಲ ಸದ್ದಿಲ್ಲದೆ ಹೊರಟುಹೋಗುತ್ತವೆ. ಎರರ್ ಬರುವುದಿಲ್ಲ. ಚೀಟಿಗಳು ಉಳಿಯಬೇಕಾದರೆ ಆ ಶರತ್ತು ಜಾಯಿನ್‌ನ 'ಆನ್' ಭಾಗಕ್ಕೆ ಹೋಗಬೇಕು. ಹಾಗಾಗಿ ನನ್ನ ಫಿಲ್ಟರ್‌ಗಳು ತಾವು ಎಲ್ಲಿ ಕೂರಬೇಕು ಅನ್ನುವುದನ್ನೂ ಹೇಳುತ್ತವೆ. ಇನ್ನು 'ಇದೆಯಾ, ಇಲ್ಲವಾ' ಅನ್ನುವ ಪ್ರಶ್ನೆಗಳಿಗಂತೂ ನಾನು ಜಾಯಿನ್ ಮಾಡುವುದೇ ಇಲ್ಲ. ಸಂಬಂಧದ ಮೇಲೆ 'ಎನಿ' ಅಂತ ಕರೆದರೆ ಅದು ಎಕ್ಸಿಸ್ಟ್ಸ್ (ಅಂಥ ಸಾಲು ಇದೆಯಾ ಅಂತ ಮಾತ್ರ ನೋಡುವ ಶರತ್ತು) ಆಗಿ ಬದಲಾಗುತ್ತದೆ, ಅದರ ಮುಂದೆ ಒಂದು ನಕಾರದ ಗುರುತು ಹಾಕಿದರೆ ಪಾವತಿ ಆಗದ ಚೀಟಿಗಳು ಸಿಗುತ್ತವೆ. ಸಾಲು ಹೆಚ್ಚುವುದೂ ಇಲ್ಲ, ಕಡಿಮೆ ಆಗುವುದೂ ಇಲ್ಲ. ಈ ಲೈಬ್ರರಿಯಲ್ಲಿ ನನಗೆ ಅತಿ ಇಷ್ಟದ ಸೌಲಭ್ಯ ಇದು.

ಎರಡನೆಯದು ಇದಕ್ಕಿಂತ ಅಪಾಯ. ಒಂದು ಚೀಟಿಯಲ್ಲಿ ಚಾಲಿ, ಪಟೋರ, ಕರಿಗೋಟು ಅಂತ ಮೂರು ಸಾಲು. ಆ ಚೀಟಿಗೆ ಎರಡು ಕಂತಲ್ಲಿ ಹಣ ಕೊಟ್ಟಿದ್ದಾರೆ. ಸಾಲುಗಳನ್ನೂ ಪಾವತಿಗಳನ್ನೂ ಚೀಟಿಗೆ ಒಟ್ಟಿಗೆ ಜೋಡಿಸಿದರೆ ಮೂರು ಎರಡಲೆ ಆರು ಸಾಲು ಬರುತ್ತವೆ. ಅದರ ಮೇಲೆ ಸಮ್ ಹಾಕಿದರೆ ಮಾಲಿನ ಮೊತ್ತ ಎರಡು ಪಟ್ಟು, ಪಾವತಿ ಮೂರು ಪಟ್ಟು. ಬಾಕಿ ಎಷ್ಟು ಅಂತ ಕೇಳಿದರೆ ಅಂಗಡಿಯವರೇ ಸಾಲಗಾರರಾಗಬಹುದು ಅಥವಾ ಬೆಳೆಗಾರರೇ ತಿರುಗಿ ಕೊಡಬೇಕಾಗಬಹುದು, ಎರಡೂ ಸುಳ್ಳು! ಇದರ ಕೆಟ್ಟ ಗುಣ ಎಂದರೆ ಒಂದೇ ದರ್ಜೆ, ಒಂದೇ ಪಾವತಿ ಇರುವ ಚೀಟಿಯಲ್ಲಿ ಇದು ಕಾಣುವುದೇ ಇಲ್ಲ, ಮತ್ತು ನಾವು ಟೆಸ್ಟ್‌ಗೆ ಅಂತ ತುಂಬುವ ಡೇಟಾ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಪರಿಹಾರ ಹೊಸದಲ್ಲ: ಪಾವತಿಯನ್ನು ಮೊದಲು ಚೀಟಿವಾರು ಒಟ್ಟು ಮಾಡಿ ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಮಾಡಿ, ಸಾಲುಗಳನ್ನೂ ಹಾಗೆಯೇ ಮಾಡಿ, ಆಮೇಲೆ ಎರಡನ್ನೂ ಚೀಟಿಗೆ ಲೆಫ್ಟ್ ಜಾಯಿನ್ ಮಾಡಿ. ನಲ್ ಬಂದಲ್ಲಿ ಸೊನ್ನೆ ಬರಲಿಕ್ಕೆ 'ಕೋಯಲೆಸ್' ಹಾಕಿ. ಇಲ್ಲಿ ಇದನ್ನು ಬರೆಯುವುದು ಸುಲಭ, ಏಕೆಂದರೆ ಸಬ್‌ಕ್ವೆರಿ ಕೂಡ ಟೇಬಲ್‌ನ ಹಾಗೆಯೇ ನಡೆದುಕೊಳ್ಳುತ್ತದೆ. ಆದರೆ ಬರೆಯಬೇಕು ಅಂತ ಲೈಬ್ರರಿ ನಿಮಗೆ ನೆನಪಿಸುವುದಿಲ್ಲ. ಜ್ಯಾಂಗೋ ಎಂಬ ಪೈಥಾನ್ ಫ್ರೇಮ್‌ವರ್ಕ್‌ನ ಓಆರ್‌ಎಂನಲ್ಲೂ (ಟೇಬಲ್ ಸಾಲುಗಳನ್ನು ಪೈಥಾನ್ ಆಬ್ಜೆಕ್ಟ್ ಆಗಿ ಕೊಡುವ ಭಾಗ) ಇದೇ ಕಥೆ, ಒಂದಕ್ಕಿಂತ ಹೆಚ್ಚು ಒಟ್ಟು ಮೊತ್ತ ಒಂದೇ ಕ್ವೆರಿಯಲ್ಲಿ ತೆಗೆದರೆ ತಪ್ಪು ಬರುತ್ತದೆ ಅಂತ ಅವರ ದಾಖಲೆಯಲ್ಲೇ ಬರೆದಿದ್ದಾರೆ.

ನೆನಪಿಸುವ ವಿಷಯ ಒಂದಿದೆ. ಎರಡು ಟೇಬಲ್ ಹೆಸರಿಸಿ ಅವುಗಳ ನಡುವೆ ಸಂಬಂಧ ಹೇಳದೆ ಬಿಟ್ಟರೆ, ಎಲ್ಲದರ ಜೊತೆ ಎಲ್ಲವೂ ಗುಣಾಕಾರ ಆಗುತ್ತದೆ ಅಂತ 1.4ರಿಂದ ಎಚ್ಚರಿಕೆ ಬರುತ್ತದೆ. ಟೆಸ್ಟ್ ಓಡಿಸುವಾಗ ಆ ಎಚ್ಚರಿಕೆಯನ್ನೇ ಎರರ್ ಮಾಡಿಕೊಳ್ಳಿ. ಡೈನಮಿಕ್ ಕ್ವೆರಿಯಲ್ಲಿ ಫಿಲ್ಟರ್ ಬಂದು ಜಾಯಿನ್ ಬಾರದೆ ಉಳಿಯುವುದು ಬಹಳ ಸಾಮಾನ್ಯ.

ಎಸ್‌ಕ್ಯೂಎಲ್‌ಆಲ್ಕೆಮಿಯ ಓಆರ್‌ಎಂ ಭಾಗದ ಬಗ್ಗೆ ಎರಡು ಮಾತು. ನಮ್ಮ ಅಂಗಡಿಯ ಕಂಪ್ಯೂಟರ್ ಇಲ್ಲಿ, ಡೇಟಾಬೇಸ್ ಮುಂಬೈಯ ಕ್ಲೌಡ್‌ನಲ್ಲಿ. ಜೂನ್ ಮಳೆಯಲ್ಲಿ ನೆಟ್ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಬೇರೆ ಬೆಳೆಗಾರರ 200 ಚೀಟಿ ತಂದು ಪ್ರತಿಯೊಂದರ ಬೆಳೆಗಾರರ ಹೆಸರು ಕೇಳಿದರೆ, ಮೊದಲೇ ಹೇಳಿಡದಿದ್ದರೆ, ಅದು ಒಂದೊಂದಕ್ಕೂ ಹೋಗಿ ಬರುತ್ತದೆ. ಒಂದು ಸುತ್ತಿಗೆ 40 ಮಿಲಿಸೆಕೆಂಡ್ ಅಂತ ಹಿಡಿದರೂ 8 ಸೆಕೆಂಡ್ ಆಯಿತು. 'ಸೆಲೆಕ್ಟ್‌ಇನ್‌ಲೋಡ್' ಹಾಕಿದರೆ ಒಂದೇ ಹೆಚ್ಚುವರಿ ಕ್ವೆರಿಯಲ್ಲಿ ಮುಗಿಯುತ್ತದೆ. ಸಂಬಂಧ ಬರೆಯುವಲ್ಲಿ 'ಲೇಜಿ' ಅನ್ನುವುದನ್ನು 'ರೇಸ್' (raise) ಅಂತ ಇಟ್ಟರೆ, ಹೇಳದೆ ಕೇಳದೆ ಡೇಟಾಬೇಸ್‌ಗೆ ಓಡುವ ಕಡೆಯೆಲ್ಲ ಎರರ್ ಬರುತ್ತದೆ. ಶುರುವಿಗೆ ಕಿರಿಕಿರಿ, ಆಮೇಲೆ ಇದಿಲ್ಲದೆ ಆಗುವುದಿಲ್ಲ. 'ಜಾಯಿನ್ಡ್‌ಲೋಡ್' ಮಾತ್ರ ಹೊಸಬರನ್ನು ಖಂಡಿತ ಗೊಂದಲಕ್ಕೆ ಹಾಕುತ್ತದೆ. ಅದು ತನ್ನದೇ ಗುಟ್ಟಿನ ಹೆಸರಲ್ಲಿ ಬೇರೆ ಜಾಯಿನ್ ಮಾಡುತ್ತದೆ, ನಿಮ್ಮ ಫಿಲ್ಟರ್ ಅದರ ಮೇಲೆ ಕೆಲಸ ಮಾಡುವುದಿಲ್ಲ. ನೀವೇ ಮಾಡಿದ ಜಾಯಿನ್‌ನಿಂದಲೇ ಆಬ್ಜೆಕ್ಟ್ ತುಂಬಬೇಕಾದರೆ 'ಕಂಟೇನ್ಸ್‌ಈಗರ್' ಬಳಸಬೇಕು. ನಾನಂತೂ ಚೀಟಿ ಸೇವ್ ಮಾಡಲಿಕ್ಕೆ ಓಆರ್‌ಎಂ, ವರದಿಗಳಿಗೆ ಬರೀ ಕಾಲಂ ತೆಗೆಯುವ ಕೋರ್ ಶೈಲಿ ಅಂತ ಭಾಗ ಮಾಡಿಕೊಂಡಿದ್ದೇನೆ.

ಯಾವ ಕಾಲಂ ಪ್ರಕಾರ ವಿಂಗಡಿಸಬೇಕು ಅನ್ನುವುದು ಬಳಕೆದಾರರ ಕೈಯಲ್ಲಿದ್ದರೆ ಹುಷಾರು. ಕಾಲಂ ಹೆಸರು ಪ್ಯಾರಾಮೀಟರ್ ಆಗಿ ಹೋಗುವುದಿಲ್ಲ, ಆದ್ದರಿಂದ ಒಪ್ಪಿಗೆ ಇರುವ ಹೆಸರುಗಳ ಒಂದು ಡಿಕ್ಷನರಿ ಇಟ್ಟು ಅದರಿಂದಲೇ ಆರಿಸಿ. ಕನ್ನಡ ಹೆಸರುಗಳನ್ನು ಕನ್ನಡದ ಕ್ರಮದಲ್ಲೇ ಬೇಕು ಅಂದರೆ ಪೋಸ್ಟ್‌ಗ್ರೆಸ್‌ನ ಐಸಿಯು ಕೊಲೇಷನ್ (ಭಾಷೆಗೆ ತಕ್ಕ ಅಕ್ಷರ ಕ್ರಮ) ಉಂಟು, ಅದನ್ನು ಆ ಒಂದು ವರದಿಗೆ ಮಾತ್ರ ಸೇರಿಸುವುದು ಇಲ್ಲಿ ಸಲೀಸು. ಕಾಸರಗೋಡಿನಲ್ಲಿ ಒಬ್ಬರದ್ದೇ ಹೆಸರು ಬ್ಯಾಂಕ್ ಪುಸ್ತಕದಲ್ಲಿ ಇಂಗ್ಲಿಷ್, ಪಂಚಾಯತ್ ಕಾಗದದಲ್ಲಿ ಮಲಯಾಳ, ಅಂಗಡಿ ಚೀಟಿಯಲ್ಲಿ ಕನ್ನಡ ಆಗಿರುವ ಸಮಸ್ಯೆಗೆ ಯಾವ ಲೈಬ್ರರಿಯಲ್ಲೂ ಮದ್ದಿಲ್ಲ. ಅದಕ್ಕೆ ಬೇರೆ ಹೆಸರುಗಳ ಇನ್ನೊಂದು ಟೇಬಲ್ ಬೇಕಾಯಿತು, ಮತ್ತೆ ಅಲ್ಲೂ 'ಎನಿ'.

ನಿಧಾನ ಆದರೆ ಮೊದಲು ಬೈಯುವುದು ಓಆರ್‌ಎಂಗೆ. ಆದರೆ 'ಎಕೋ' ಆನ್ ಮಾಡಿ ಹೊರಬರುವ ಎಸ್‌ಕ್ಯೂಎಲ್ಲನ್ನು ಸಮಯ ಎಲ್ಲಿ ಹೋಗುತ್ತದೆ ಅಂತ ತೋರಿಸುವ 'ಎಕ್ಸ್‌ಪ್ಲೇನ್ ಅನಲೈಜ್'ಗೆ ಕೊಟ್ಟು ನೋಡಿ. ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ) ಹಾಕಿದ ಮಾತ್ರಕ್ಕೆ ಆ ಕಾಲಂಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಮಾಡುವುದಿಲ್ಲ. ನನ್ನ ವರದಿಗಳಲ್ಲಿ ಹೆಚ್ಚಿನ ಸಲ ಕಾರಣ ಅದೇ ಆಗಿತ್ತು.

ಒಂದು ಸ್ಟಾರ್ ಕಡಿಮೆ ಎಂತಕ್ಕೆ? ಮೈಕ್ ಬೇಯರ್ 2006ರಿಂದ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ, ಅದಕ್ಕೆ ಗೌರವ ಇದೆ. ದಾಖಲೆಯಲ್ಲಿ ಇಲ್ಲದ್ದು ಯಾವುದೂ ಇಲ್ಲ, ಆದರೆ ಬೇಕಾದ್ದು ಎಲ್ಲಿದೆ ಅಂತ ಹುಡುಕುವುದರಲ್ಲಿ ಅರ್ಧ ದಿನ ಹೋಗುತ್ತದೆ. ಜನವರಿ 2023ರಲ್ಲಿ ಬಂದ 2.0ರಲ್ಲಿ ಬರೆಯುವ ಶೈಲಿಯೇ ಬದಲಾಯಿತು. ಬದಲಾವಣೆ ಒಳ್ಳೆಯದೇ, ಟೈಪ್ ಸೂಚನೆಗಳು ಚೆನ್ನಾಗಿವೆ, ಮಧ್ಯದ 1.4 ಸೇತುವೆಯ ಹಾಗೆ ಇದ್ದದ್ದರಿಂದ ದಾಟಲಿಕ್ಕೂ ಆಯಿತು. ಆದರೂ ಓಡುತ್ತಿದ್ದ ಕೋಡನ್ನು ಕೂತು ತಿದ್ದುವುದಕ್ಕೆ ಯಾವ ಅಂಗಡಿಯವರೂ ದುಡ್ಡು ಕೊಡುವುದಿಲ್ಲ. ಅದಲ್ಲದೆ ನೆಟ್ಟಲ್ಲಿ ಹುಡುಕಿದರೆ ಸಿಗುವ ಉತ್ತರಗಳಲ್ಲಿ ಹಳೆ ಶೈಲಿಯದ್ದೇ ಜಾಸ್ತಿ. ಈಗ ಶುರು ಮಾಡುವವರು 'ಸೆಷನ್ ಡಾಟ್ ಕ್ವೆರಿ' ಅಂತ ಶುರುವಾಗುವ ಉದಾಹರಣೆ ಕಂಡರೆ, ಅದು 2.0ರಲ್ಲೂ ಓಡುತ್ತದೆ, ಆದರೂ ಬಿಟ್ಟು 'ಸೆಲೆಕ್ಟ್' ಇರುವ ಉದಾಹರಣೆಯನ್ನೇ ಹುಡುಕಿ. ಎರಡನ್ನೂ ಬೆರೆಸಿದ ಕೋಡ್ ತಿದ್ದುವುದು ದೊಡ್ಡ ರಗಳೆ ಮಾರಾಯ್ರೆ.