ಪಿಎಫ್ ಇಲ್ಲದವರಿಗೆ ಎನ್‌ಪಿಎಸ್: ಪೋಕರ್ ಆಡಿ ಬದುಕಿದ ತಮ್ಮನ ಖಾತೆ

ಎನ್‌ಪಿಎಸ್ ಅಂದರೆ ಮುದಿತನಕ್ಕೆ ಅಂತ ಹಣ ಕೂಡಿಡುವ ಸರ್ಕಾರದ ರಾಷ್ಟ್ರೀಯ ಪಿಂಚಣಿ ಯೋಜನೆ. ಇದರ ಬಗ್ಗೆ ಸಂಬಳದವರ ದೊಡ್ಡ ದೂರು ಒಂದೇ: ಬೇಕೆಂದಾಗ ಹಣ ಕೈಗೆ ಸಿಗಲ್ಲ. ನನಗೆ ಇಷ್ಟವಾಗಿದ್ದೇ ಅದು.

ನನ್ನ ತಮ್ಮ ಬೆಂಗಳೂರಿನಲ್ಲಿ ಆನ್‌ಲೈನ್ ಪೋಕರ್ ಆಡಿಯೇ ಸಂಸಾರ ನಡೆಸಿದವನು. ಪೋಕರ್ ಆಡುವವರಿಗೆ ಉಳಿತಾಯ ಬೇರೆ, ಬಂಡವಾಳ ಬೇರೆ ಅಂತ ಇರುವುದಿಲ್ಲ. ಎರಡೂ ಒಂದೇ ಬ್ಯಾಂಕ್‌ರೋಲ್, ಅಂದರೆ ಆಟಕ್ಕಿಟ್ಟ ಹಣ. ಚೆನ್ನಾಗಿ ಗೆದ್ದ ತಿಂಗಳು ಅವನು ದೊಡ್ಡ ಮೊತ್ತ ಕಟ್ಟುವ ಟೇಬಲ್‌ಗೆ ಹೋಗುತ್ತಿದ್ದ. ಸೋತ ತಿಂಗಳು ಮುದಿತನದ ಹಣವೇ ಆಟಕ್ಕೆ ಹೋಗುತ್ತಿತ್ತು.

ನಮ್ಮ ಯಜಮಾನರದು ಕಂಪನಿ ಕೆಲಸ. ಅಲ್ಲಿ ಉಳಿತಾಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಮೂಲ ವೇತನ 40,000 ಅಂದುಕೊಳ್ಳಿ. ಪೂರ್ತಿ ವೇತನಕ್ಕೆ ಪಿಎಫ್ ಕಟ್ಟುವ ಕಂಪನಿಯಾದರೆ ನೌಕರನಿಂದ 4,800, ಕಂಪನಿಯಿಂದ 4,800. ಸಂಬಳ ಕೈಗೆ ಬರುವ ಮೊದಲೇ ತಿಂಗಳಿಗೆ 9,600 ರೂಪಾಯಿ ಪಕ್ಕಕ್ಕೆ ಹೋಗುತ್ತದೆ. ಕಂಪನಿಯ ಪಾಲಿನಲ್ಲಿ 1,250 ಪಿಂಚಣಿ ಯೋಜನೆಗೆ. 2024-25ಕ್ಕೆ ಪಿಎಫ್ ಬಡ್ಡಿ 8.25%. ಮೇಲೆ ಗ್ರಾಚ್ಯುಟಿ ಬೇರೆ. ತಮ್ಮ ಕೆಲವು ತಿಂಗಳು ಇವರಿಗಿಂತ ಎಷ್ಟೋ ಜಾಸ್ತಿ ದುಡಿದಿದ್ದಾನೆ. ಆದರೆ ಅವನ ಪಾಲಿಗೆ ಇನ್ನೊಂದು 4,800 ಹಾಕುವವರು ಯಾರಿದ್ದಾರೆ?

ಅದಕ್ಕೇ ಅವನಿಗೆ ಎನ್‌ಪಿಎಸ್ ಮಾಡಿಸಿದೆ. 2009ರಿಂದ ಇದು ಎಲ್ಲರಿಗೂ ತೆರೆದಿದೆ. ಪ್ಯಾನ್, ಆಧಾರ್ ಇದ್ದರೆ ಮನೆಯಲ್ಲೇ ಕೂತು ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಕಟ್ಟಿದರೆ ಸಾಕು. ಏರಿಳಿತದ ಆದಾಯದವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಗೆದ್ದಾಗ ಜಾಸ್ತಿ ಕಟ್ಟಿ, ಸೋತಾಗ ಸುಮ್ನೆ ಇರಬಹುದು. ಕಟ್ಟಿದ ಹಣ ಷೇರು, ಸಾಲಪತ್ರಗಳಲ್ಲಿ ಹೂಡಿಕೆಯಾಗುತ್ತದೆ. ಯಾವುದಕ್ಕೆ ಎಷ್ಟು ಅಂತ ಯೋಜನೆಯೇ ನೋಡಿಕೊಳ್ಳುವ ಆಟೋ ಚಾಯ್ಸ್ ಆರಿಸಿದೆವು. ವಯಸ್ಸು ಏರಿದ ಹಾಗೆ ಷೇರಿನ ಪಾಲು ತಾನೇ ಇಳಿಯುತ್ತದೆ. ದಿನವಿಡೀ ರಿಸ್ಕ್ ಲೆಕ್ಕ ಹಾಕುವವನಿಗೆ ಇಲ್ಲಾದರೂ ಆ ಕೆಲಸ ಬೇಡ ಅನ್ನಿಸಿತು.

ಕೊರತೆಗಳೂ ಇವೆ. ಪಿಎಫ್ ಥರ ಘೋಷಿಸಿದ ಬಡ್ಡಿ ಇಲ್ಲ, ಮಾರುಕಟ್ಟೆ ಬಿದ್ದರೆ ಮೊತ್ತವೂ ಇಳಿಯುತ್ತದೆ. ಮೊತ್ತ ದೊಡ್ಡದಾಗಿದ್ದರೆ ಕೊನೆಗೆ ಒಂದು ಭಾಗದಲ್ಲಿ ಪಿಂಚಣಿ ಕೊಳ್ಳಲೇಬೇಕು, ಆ ಪಿಂಚಣಿಗೆ ತೆರಿಗೆಯೂ ಇದೆ. ಆಟಗಾರರಿಗೆ ಇನ್ನೊಂದು ಪೆಟ್ಟು: ಗೆದ್ದ ಹಣಕ್ಕೆ ಮೊದಲ ರೂಪಾಯಿಯಿಂದಲೇ 30% ತೆರಿಗೆ. ಎನ್‌ಪಿಎಸ್‌ಗೆ ಕಟ್ಟಿದ್ದನ್ನು ಆ ಆದಾಯದಲ್ಲಿ ಕಳೆಯುವ ಹಾಗಿಲ್ಲ. ತೆರಿಗೆ ಉಳಿಸಲು ಅಂತ ಇದನ್ನು ತೆಗೆದುಕೊಳ್ಳುವುದಾದರೆ ಬೇಡ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂತು. ಆ್ಯಪ್‌ಗಳು ಆಟ ನಿಲ್ಲಿಸಿದವು, ತಮ್ಮನ ದುಡಿಮೆಯೂ ಅಲ್ಲಿಗೇ ನಿಂತಿತು. ವ್ಯಾಲೆಟ್‌ನಲ್ಲಿದ್ದದ್ದು ವಾಪಸ್ ಬಂತು, ಮನೆ ಖರ್ಚಿಗೇ ಕರಗಿತು. ಎನ್‌ಪಿಎಸ್ ಹಣ ಮಾತ್ರ ಹಾಗೇ ಉಳಿದಿದೆ. ಈಗ ಅವನು ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಾನೆ, ಅದೇ ಖಾತೆಗೆ ಸಂಬಳದಿಂದ ಕಟ್ಟುತ್ತಿದ್ದಾನೆ.

ಪಿಎಫ್ ಇಲ್ಲದ ಯಾರಿಗೇ ಆಗಲಿ ಮಾಡಿಸಿ ಅಂತೀನಿ. ಆದರೆ ಮೊದಲು ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಲಿ. ನಾಮಿನಿ ಹೆಸರನ್ನೂ ಅವತ್ತೇ ತುಂಬಿಸಿ.