ನಾಯಿಯ ಚಿಗಟದ ಔಷಧಿ ಬೆಕ್ಕಿಗೆ ಹಾಕಲೇಬೇಡಿ

ಬೆಕ್ಕು ಸಾಕಿರುವವರು ಇದನ್ನು ಓದಿ. ಅಂಗಡಿಯವರು ಏನೇ ಹೇಳಲಿ, ನಾಯಿಗೆ ಅಂತ ಬರುವ ಕೆಲವು ಚಿಗಟದ ಔಷಧಿ ಬೆಕ್ಕಿಗೆ ವಿಷ.

ನಮ್ಮದು ಕೋಲಾರ. ಮಳೆ ಶುರುವಾದ ಮೇಲೆ ನಮ್ಮ ಸಿಂಗಾರಿ ಕೂತಲ್ಲಿ ನಿಂತಲ್ಲಿ ಕೆರೆದುಕೊಳ್ಳುತ್ತಿತ್ತು. ಬಾಲದ ಬುಡದಲ್ಲಿ ಕೂದಲು ಸರಿಸಿದರೆ ಕರಿ ರವೆಯಂಥ ಪುಡಿ. ಒದ್ದೆ ಬಿಳಿ ಬಟ್ಟೆ ಮೇಲೆ ಉದುರಿಸಿದಾಗ ಕೆಂಪಗೆ ಹರಡಿತು, ಅಂದರೆ ರಕ್ತ ಕುಡಿದ ಚಿಗಟದ ಹಿಕ್ಕೆ. ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ "ಬೆಕ್ಕಿಗೆ ಬೇಕು" ಅಂತ ಬಿಡಿಸಿ ಹೇಳಿದೆ. ಆತ ನಾಯಿ ಚಿತ್ರ ಇರುವ ಟ್ಯೂಬ್ ಕೊಟ್ಟು, "ಎಲ್ಲಾ ಒಂದೇ ಸಾರ್, ಬೆಕ್ಕಿಗಾದ್ರೆ ಅರ್ಧ ಹಾಕಿ, ಏನೂ ಆಗಲ್ಲ" ಅಂದ.

ಸಂಜೆ ಕತ್ತಿನ ಹಿಂದೆ ಹಾಕಿದೆವು. ಊಟದ ಹೊತ್ತಿಗೆ ಕಿವಿ ಪಟಪಟ ಅದುರತೊಡಗಿತು. ಆಮೇಲೆ ಜೊಲ್ಲು, ಹಿಂಗಾಲು ತಡವರಿಸಿ ಬೀಳೋದು, ನೋಡನೋಡುತ್ತಲೇ ಇಡೀ ಮೈ ನಡುಕ. ಪಶು ಡಾಕ್ಟರಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದೇ "ಟ್ಯೂಬ್ ಮೇಲೆ ಪರ್ಮೆಥ್ರಿನ್ ಅಂತ ಇದೆಯಾ ನೋಡಿ". ಇತ್ತು. ಚಿಗಟ ಕೊಲ್ಲೋ ಈ ಔಷಧಿಯೇ ಬೆಕ್ಕಿಗೆ ವಿಷ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದು, ಟವೆಲಲ್ಲಿ ಸುತ್ತಿ ಕೂಡಲೇ ತನ್ನಿ, ಟ್ಯೂಬೂ ತನ್ನಿ ಅಂದರು. ಇದಕ್ಕೆ ಅಂತ ಪ್ರತಿವಿಷ ಇಲ್ಲ. ನಡುಕ, ಫಿಟ್ಸ್ ತಡೆಯೋ ಇಂಜೆಕ್ಷನ್, ಡ್ರಿಪ್ ಕೊಟ್ಟು ಕಾಯಬೇಕು ಅಷ್ಟೇ. ಸಿಂಗಾರಿ ಉಳಿಯಿತು. ಅಂಗಡಿಯವನನ್ನು ಕೇಳಿದರೆ "ಜಾಸ್ತಿ ಹಾಕಿರ್ತೀರ" ಅಂತಾನೆ!

ನಾಯಿಯ ಲಿವರ್ ಈ ಔಷಧಿಯನ್ನು ಒಡೆದು ಹೊರಗೆ ಹಾಕುತ್ತದೆ, ಬೆಕ್ಕಿನದಕ್ಕೆ ಆ ಶಕ್ತಿ ತೀರಾ ಕಡಿಮೆ. ಹಾಗಾಗಿ ಅರ್ಧ, ಕಾಲು ಅನ್ನೋ ಲೆಕ್ಕವೇ ಸುಳ್ಳು. ನಮ್ಮ ಕಡೆ ಹಸು ಕಟ್ಟಿರೋ ಮನೆಗಳಲ್ಲಿ ಉಣ್ಣೆಗೆ ಹೊಡೆಯೋ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಬಾಟಲಿ ಸಾಮಾನ್ಯ ಅಲ್ವಾ, ಅವೂ ಇದೇ ಜಾತಿಯವು. ಸುಮ್ನೆ ಇದೆಯಲ್ಲ ಅಂತ ನೀರಿಗೆ ಬೆರೆಸಿ ಬೆಕ್ಕಿಗೆ ಸವರಬೇಡಿ.

ಬೆಕ್ಕಿಗೆ ಅಂತಲೇ ಬರೆದಿರುವ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿ ಸಿಗುತ್ತದೆ. ವಯಸ್ಸು, ತೂಕ ಹೇಳಿ ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಅದರ ಜೊತೆ ಮನೆಯನ್ನೂ ನೋಡಬೇಕು. ಚಿಗಟದ ಮೊಟ್ಟೆ ಬೆಕ್ಕಿನ ಮೈಯಿಂದ ಉದುರಿ ಗೋಣಿಚೀಲ, ಸೋಫಾ ಸಂದಿಯಲ್ಲಿ ಮರಿಯಾಗುತ್ತದೆ, ಗೂಡು ಕಟ್ಟಿಕೊಂಡವು ತಿಂಗಳುಗಟ್ಟಲೆ ಕಾದು ಕೂರುತ್ತವೆ. ಬೆಕ್ಕು ಮಲಗೋ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಮನೇಲಿ ನಾಯಿಯೂ ಇದ್ದು ಅದಕ್ಕೆ ಪರ್ಮೆಥ್ರಿನ್ ಹಾಕಿದ್ದರೆ, ಪೂರ್ತಿ ಒಣಗೋವರೆಗೂ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ನಾಯಿಯ ಮೈ ನೆಕ್ಕಿದರೂ, ಒತ್ತಿಕೊಂಡು ಮಲಗಿದರೂ ಇದೇ ಗತಿ.