1971ರ ಷೆವ್ರೊಲೆ ಸಿ-10 ಪಿಕಪ್‌ಗೆ ಅಲ್ಯೂಮಿನಿಯಂ ರೇಡಿಯೇಟರ್ ಕಿಟ್: ಬಳಸಿ ನೋಡಿದ ಮೇಲೆ

ಹಳೆಯ ಪಿಕಪ್‌ಗಳಿಗೆಂದು ಮಾರಾಟವಾಗುವ ಅಲ್ಯೂಮಿನಿಯಂ ರೇಡಿಯೇಟರ್ ಕಿಟ್‌ಗಳಲ್ಲಿ ರೇಡಿಯೇಟರಿಗೆ ಕೊಡುವ ಹಣ ಸಾರ್ಥಕ. ಅದರ ಜೊತೆಗೆ ಬರುವ ಜೋಡಿ ವಿದ್ಯುತ್ ಫ್ಯಾನುಗಳಿಗೆ ಕೊಡುವ ಹಣ ಬಹುಮಟ್ಟಿಗೆ ದಂಡ. ನಾನು ಬಳಸಿ ನೋಡಿದ್ದು 1971ರ ಷೆವ್ರೊಲೆ ಸಿ-10ರಲ್ಲಿ. 1967ರಿಂದ 1972ರವರೆಗೆ ತಯಾರಾದ ಈ ತಲೆಮಾರಿನ ಪಿಕಪ್‌ಗಳು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಇನ್ನೂ ಕಾಣಸಿಗುತ್ತವೆ. ನನ್ನ ಗಾಡಿಯಲ್ಲಿರುವುದು 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ-8 ಎಂಜಿನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದ ಎ.ಸಿ.ಯನ್ನು ಹಿಂದಿನ ಮಾಲೀಕರು ಆಮೇಲೆ ಕೂಡಿಸಿದ್ದರು. ಎಂಜಿನ್ ಅತಿಯಾಗಿ ಬಿಸಿಯೇರುವ ತೊಂದರೆಯ ಅರ್ಧ ಮೂಲ ಅಲ್ಲೇ ಇತ್ತು, ಏಕೆಂದರೆ ರೇಡಿಯೇಟರಿನ ಮುಂದೆ ಕೂತ ಕಂಡೆನ್ಸರ್, ಅಂದರೆ ಎ.ಸಿ.ಯ ಬಿಸಿ ಹೊರಹಾಕುವ ಜಾಲರಿ, ತನ್ನ ಬಿಸಿಯನ್ನೆಲ್ಲ ಹಿಂದಿರುವ ರೇಡಿಯೇಟರಿನ ಮೇಲೆಯೇ ಬಿಡುತ್ತದೆ.

ತಂಪು ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯುವುದು ಏರು ರಸ್ತೆಯಲ್ಲಿ. ಐ-5 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುವಾಗ ಬಯಲು ಮುಗಿದೊಡನೆ ಶುರುವಾಗುವ ಗ್ರೇಪ್‌ವೈನ್ ಏರು ಸುಮಾರು ಶೇಕಡಾ 6ರಷ್ಟು ಕಡಿದಾಗಿದ್ದು, ಮುಂದೆ 4,100 ಅಡಿಗೂ ಎತ್ತರದ ಟೆಹೋನ್ ಕಣಿವೆದಾರಿಗೆ ತಲುಪಿಸುತ್ತದೆ. ಎಂಜಿನ್ ಕಾಯದಿರಲು ಎ.ಸಿ. ಆರಿಸಿ ಎಂಬ ಫಲಕವನ್ನು ಹೆದ್ದಾರಿ ಇಲಾಖೆಯವರೇ ಅಲ್ಲಿ ನೆಟ್ಟಿದ್ದಾರೆ. ಹಳೆಯ ರೇಡಿಯೇಟರಿನಲ್ಲಿ, ಎ.ಸಿ. ಆರಿಸಿಕೊಂಡೇ ಹತ್ತಿದರೂ, ಬೇಸಿಗೆಯ ಮಧ್ಯಾಹ್ನ ಮುಳ್ಳು 230 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿತ್ತು, ಅಂದರೆ 110 ಡಿಗ್ರಿ ಸೆಲ್ಸಿಯಸ್. ಈಗ ಅದೇ ಏರಿನಲ್ಲಿ ಎ.ಸಿ. ಹಾಕಿಕೊಂಡಿದ್ದರೂ ಮುಳ್ಳು 205ರ ಆಚೆಗೆ ಹೋಗುವುದಿಲ್ಲ.

ಇದಕ್ಕೆ ಲೋಹವೊಂದೇ ಕಾರಣ ಎನ್ನುವುದು ಸರಿಯಲ್ಲ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರವು ಅಲ್ಯೂಮಿನಿಯಂಗಿಂತ ಬಹಳ ಮುಂದಿದೆ. ಆದರೆ ಹಳೆಯ ರೇಡಿಯೇಟರಿನಲ್ಲಿ ತಾಮ್ರವಿರುವುದು ಕೊಳವೆಗಳ ನಡುವಿನ ತೆಳು ರೆಕ್ಕೆಗಳಲ್ಲಿ ಮಾತ್ರ. ನೀರು ಹರಿಯುವ ಕೊಳವೆಗಳು ಹಿತ್ತಾಳೆಯವು, ಎರಡನ್ನೂ ಹಿಡಿದಿರುವುದು ಸೀಸ ಮತ್ತು ತವರದ ಬೆಸುಗೆ, ಮತ್ತು ಇವೆರಡೂ ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಹಿಂದೆ. ಮೇಲಾಗಿ ಹಳೆಯ ಕೋರ್‌ನ, ಅಂದರೆ ಕೊಳವೆ-ರೆಕ್ಕೆಗಳ ಭಾಗದ, ಕೊಳವೆಗಳು ಸುಮಾರು ಅರ್ಧ ಇಂಚು ಅಗಲವಾಗಿದ್ದರೆ, ಈ ಕಿಟ್ಟಿನ ರೇಡಿಯೇಟರಿನಲ್ಲಿ ಒಂದು ಇಂಚು ಅಗಲದ ಕೊಳವೆಗಳು ಎರಡು ಸಾಲಿನಲ್ಲಿವೆ, ಹಾಗಾಗಿ ರೆಕ್ಕೆಗಳಿಗೆ ತಾಗುವ ಮೈ ಹೆಚ್ಚು. ಸಾಲುಗಳ ಸಂಖ್ಯೆ ನೋಡಿ ರೇಡಿಯೇಟರ್ ಕೊಳ್ಳುವವರು ಇದನ್ನು ಗಮನಿಸಬೇಕು: ಸಣ್ಣ ಕೊಳವೆಗಳ ನಾಲ್ಕು ಸಾಲಿಗಿಂತ ಅಗಲ ಕೊಳವೆಗಳ ಎರಡು ಸಾಲಿನ ಮೂಲಕ ಗಾಳಿ ಸುಲಭವಾಗಿ ದಾಟುತ್ತದೆ.

ಕೆಲಸಗಾರಿಕೆಯ ಬಗ್ಗೆ ಹೇಳುವುದಾದರೆ, ಎರಡೂ ಬದಿಯ ಟ್ಯಾಂಕುಗಳ ವೆಲ್ಡಿಂಗ್ ಅಚ್ಚುಕಟ್ಟಾಗಿದೆ, ಎಲ್ಲಿಯೂ ಸೋರಿಕೆಯಿಲ್ಲ. ಯಾವ ಬದಲಾವಣೆಯೂ ಇಲ್ಲದೆ ಕೂರುತ್ತದೆ ಎಂದು ಮಾರಾಟಗಾರರು ಕೊಟ್ಟ ಭರವಸೆ ಮಾತ್ರ ನಿಜವಾಗಲಿಲ್ಲ. ಈ ಗಾಡಿಯಲ್ಲಿ ರೇಡಿಯೇಟರಿಗೆ ಬೋಲ್ಟ್ ಇಲ್ಲ. ಅದು ಕೆಳಗೆ ಎರಡು ರಬ್ಬರ್ ದಿಂಬುಗಳ ಮೇಲೆ ಕೂರುತ್ತದೆ, ಮೇಲೆ ತಗಡಿನ ಪಟ್ಟಿ ಅದನ್ನು ಒತ್ತಿ ಹಿಡಿಯುತ್ತದೆ. ಹೊಸ ಟ್ಯಾಂಕಿನ ದಪ್ಪ ಹೆಚ್ಚಿದ್ದುದರಿಂದ ಹಳೆಯ ಅಳತೆಯ ದಿಂಬುಗಳು ಹೊಂದಲಿಲ್ಲ, ಬರಿಯ ಅಲ್ಯೂಮಿನಿಯಂ ಉಕ್ಕಿನ ಚೌಕಟ್ಟಿಗೆ ತಾಗುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಅದುರಿ ಅದುರಿ ಅಲ್ಲೇ ತೂತು ಬೀಳುತ್ತಿತ್ತು. ಕೇಳಿದ ಮೇಲೆ ಅಗಲವಾದ ದಿಂಬುಗಳನ್ನು ಅವರು ಉಚಿತವಾಗಿಯೇ ಕಳಿಸಿದರು. ಮೊದಲೇ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ನೀರು ಇಳಿಸುವ ನಲ್ಲಿಯ ಕಿವಿ ಚೌಕಟ್ಟಿನ ಅಡ್ಡಪಟ್ಟಿಗೆ ತೀರ ಹತ್ತಿರವಿದ್ದು, ಅದನ್ನು ತಿರುಗಿಸಲು ಬೆರಳು ಹೋಗುವುದಿಲ್ಲ, ಇಕ್ಕಳ ಬೇಕು.

ಇನ್ನು ಫ್ಯಾನುಗಳ ವಿಷಯ. ನಿಂತಲ್ಲಿ ಅಥವಾ ಟ್ರಾಫಿಕ್ಕಿನಲ್ಲಿ ಬಿಸಿಯೇರುವ ಗಾಡಿಗೆ ಕೊರತೆಯಿರುವುದು ಗಾಳಿಯದು. ಹೆದ್ದಾರಿಯ ವೇಗದಲ್ಲಿ ಬಿಸಿಯೇರುವ ಗಾಡಿಗೆ ಕೊರತೆಯಿರುವುದು ರೇಡಿಯೇಟರಿನ ಸಾಮರ್ಥ್ಯದ್ದು ಅಥವಾ ನೀರಿನ ಹರಿವಿನದು, ಏಕೆಂದರೆ ಆ ವೇಗದಲ್ಲಿ ಎದುರು ಗಾಳಿಯೇ ಸಾಕಾಗುತ್ತದೆ. ಕಿಟ್ಟಿನ ಜೋಡಿ ಫ್ಯಾನುಗಳನ್ನು ಕೂರಿಸಿರುವುದು ಕೋರ್ ಪೂರ್ತಿ ಮುಚ್ಚುವ ಚಪ್ಪಟೆ ಹಲಗೆಯೊಂದರ ಮೇಲೆ, ಮತ್ತು ಗಾಳಿ ಹೊರಹೋಗಲು ಇರುವುದು ಎರಡು ದುಂಡು ಕಂಡಿ ಮಾತ್ರ. ಇದರಿಂದ ನಿಂತಾಗ ಅನುಕೂಲವಾದರೂ, ವೇಗದಲ್ಲಿ ಓಡುವಾಗ ಎದುರು ಗಾಳಿಗೆ ಆ ಹಲಗೆಯೇ ಅಡ್ಡಿಯಾಗುತ್ತದೆ. ಜೊತೆಗೆ ಇಂಥ ಜೋಡಿ ಫ್ಯಾನುಗಳು ಓಡುವಾಗ 20ರಿಂದ 35 ಆಂಪಿಯರ್ ಎಳೆಯುತ್ತವೆ. ಆ ಕಾಲದ ಸಾಮಾನ್ಯ ಆಲ್ಟರ್ನೇಟರಿನ ಪೂರ್ತಿ ಸಾಮರ್ಥ್ಯವೇ ಸುಮಾರು 40 ಆಂಪಿಯರ್. ರಾತ್ರಿ ದೀಪ, ಎ.ಸಿ. ಬ್ಲೋಯರ್, ಫ್ಯಾನು ಮೂರೂ ಸೇರಿದರೆ ಬ್ಯಾಟರಿ ಇಳಿಯುವುದು ಖಚಿತ. ಅಂದರೆ ಆಲ್ಟರ್ನೇಟರ್, ದಪ್ಪ ತಂತಿ, ರಿಲೇ ಎಂದು ಖರ್ಚು ಬೆಳೆಯುತ್ತಲೇ ಹೋಗುತ್ತದೆ.

ಹೀಗಾಗಿ ಅವುಗಳನ್ನು ತೆಗೆದು, ಎಂಜಿನ್ನಿನಿಂದಲೇ ತಿರುಗುವ ಫ್ಯಾನಿಗೆ ಹೊಸ ಥರ್ಮಲ್ ಕ್ಲಚ್ (ಬಿಸಿಯೇರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ) ಹಾಗೂ ಕಾರ್ಖಾನೆ ಮಾದರಿಯ ಪ್ಲಾಸ್ಟಿಕ್ ಶ್ರೌಡ್ (ಫ್ಯಾನಿನ ಸುತ್ತಲಿನ ಕವಚ) ಹಾಕಿಸಿದೆ. ನನ್ನ ಗಾಡಿಯಲ್ಲಿ ಶ್ರೌಡ್ ಇರಲೇ ಇಲ್ಲ. ಹಿಂದೆ ಯಾರೋ ತೆಗೆದವರು ಮತ್ತೆ ಹಾಕಿರಲಿಲ್ಲ. ಶ್ರೌಡ್ ಇಲ್ಲದ ಫ್ಯಾನು ತನ್ನ ಎದುರಿಗಿರುವಷ್ಟು ಕೋರ್‌ನಿಂದ ಮಾತ್ರ ಗಾಳಿ ಎಳೆಯುತ್ತದೆ, ಮಿಕ್ಕದ್ದು ಬದಿಯಿಂದ ಬಂದ ಬಿಸಿಗಾಳಿಯೇ. ಫ್ಯಾನಿನ ಎಲೆಗಳು ಅರ್ಧ ಶ್ರೌಡಿನ ಒಳಗೆ, ಅರ್ಧ ಹೊರಗೆ ಇರಬೇಕು. ಎಲೆಯ ತುದಿಗೂ ಶ್ರೌಡಿನ ಅಂಚಿಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಸಂದು ಬಿಡಬಾರದು. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಏರುವುದು ನಿಂತದ್ದು ಈ ಕೆಲಸದಿಂದ, ರೇಡಿಯೇಟರಿನಿಂದಲ್ಲ.

ಉಳಿದ ಸಾಮಾನುಗಳಲ್ಲಿ 16 ಪಿ.ಎಸ್.ಐ. ಮುಚ್ಚಳ ಚೆನ್ನಾಗಿದೆ. ಒತ್ತಡ ಒಂದು ಪಿ.ಎಸ್.ಐ. ಹೆಚ್ಚಿದರೆ ಕುದಿಬಿಂದು ಸುಮಾರು 3 ಡಿಗ್ರಿ ಫ್ಯಾರನ್‌ಹೀಟ್ ಮೇಲೇರುವುದರಿಂದ ಇದನ್ನು ಕಡೆಗಣಿಸುವಂತಿಲ್ಲ. ಥರ್ಮೋಸ್ಟಾಟ್ 180 ಡಿಗ್ರಿಯದು. ಗಾಡಿ ಕಾಯ್ದರೆ ಮೊದಲು ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮೂರ ಗ್ಯಾರೇಜುಗಳ ಹಳೆಯ ರೂಢಿ, ಆದರೆ ಅದು ನಿರ್ಧರಿಸುವುದು ಎಂಜಿನ್ ಕನಿಷ್ಠ ಎಷ್ಟು ಬಿಸಿಯಿರಬೇಕು ಎಂಬುದನ್ನೇ ಹೊರತು ಗರಿಷ್ಠವನ್ನಲ್ಲ. ಕೂಲೆಂಟಿಗೆ, ಅಂದರೆ ಎಂಜಿನ್ ತಂಪಾಗಿಸುವ ದ್ರವಕ್ಕೆ, ನಲ್ಲಿ ನೀರು ಬೆರೆಸದೆ ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. ಅಲ್ಯೂಮಿನಿಯಂ ರೇಡಿಯೇಟರಿಗೆ ದೊಡ್ಡ ಶತ್ರು ಕೆಟ್ಟ ಅರ್ಥಿಂಗ್, ಏಕೆಂದರೆ ದಾರಿತಪ್ಪಿದ ವಿದ್ಯುತ್ ಕೂಲೆಂಟಿನ ಮೂಲಕ ಹರಿದು ಲೋಹವನ್ನು ತಿನ್ನುತ್ತದೆ: ವೋಲ್ಟ್‌ಮೀಟರಿನ ಒಂದು ಕಡ್ಡಿಯನ್ನು ಕೂಲೆಂಟಿನಲ್ಲಿ ಅದ್ದಿ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದಾಗ 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಂಜಿನ್ನಿಗೂ ಚೌಕಟ್ಟಿಗೂ ನಡುವಿನ ಅರ್ಥ್ ಪಟ್ಟಿಯನ್ನು ಮೊದಲು ಬದಲಿಸಬೇಕು.

ಎಂಜಿನ್ ಕಾರ್ಖಾನೆಯಿಂದ ಬಂದಂತೆಯೇ ಇದ್ದು, ಎ.ಸಿ.ಯೂ ಇಲ್ಲದೆ, ಭಾನುವಾರ ಮಾತ್ರ ಹೊರಬರುವ ಗಾಡಿಯಿರುವವರಿಗೆ ಈ ಖರ್ಚು ಬೇಡ. ಹಳೆಯ ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿ, ಶ್ರೌಡ್ ಸರಿಪಡಿಸಿದರೆ ಸಾಕು, ಗಾಡಿಯ ಮೂಲ ರೂಪವೂ ಉಳಿಯುತ್ತದೆ. ಎ.ಸಿ. ಇರುವವರು, ಟ್ರೇಲರ್ ಎಳೆಯುವವರು ಕೊಳ್ಳಬಹುದು, ಆದರೆ ಫ್ಯಾನುಗಳಿಲ್ಲದ ಕಿಟ್ಟನ್ನೇ ಕೇಳಿ ತರಿಸಿಕೊಳ್ಳಬೇಕು. ಗೇರ್‌ಬಾಕ್ಸ್ ಆಟೋಮ್ಯಾಟಿಕ್ ಆಗಿದ್ದರೆ ಆರ್ಡರ್ ಮಾಡುವಾಗಲೇ ತಿಳಿಸಬೇಕು, ಏಕೆಂದರೆ ಗೇರ್‌ಬಾಕ್ಸಿನ ಆಯಿಲ್ ತಂಪಾಗಿಸುವ ಕೊಳವೆ ಬದಿಯ ಟ್ಯಾಂಕಿನೊಳಗೇ ಇರುತ್ತದೆ, ಮತ್ತು ಅದಿಲ್ಲದ ಮಾದರಿಯೂ ಹೆಚ್ಚುಕಡಿಮೆ ಅದೇ ಬೆಲೆಗೆ ಮಾರಾಟಕ್ಕಿದೆ.